ಗುರುಬಾಯಿ ಅಕ್ಕನ ಎಡಗೈ

ಗುರುಬಾಯಿ ಅಕ್ಕ ಬಾಗಿದಾಗಲೆಲ್ಲ ಅವರ ಎಡಗೈ ಎದೆಗೆ ಹೋಗುತ್ತಿತ್ತು. ತಟ್ಟೆಗೆ ರೊಟ್ಟಿ ಹಾಕುವಾಗ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವಾಗ, ಕೆಳಗೆ ಬಿದ್ದ ಚಮಚ ಎತ್ತುವಾಗ, ಬಲಗೈ ಕೆಲಸ ಮಾಡುತ್ತಿದ್ದರೆ ಎಡಗೈ ಸೆರಗಿನ ಮೇಲೆ, ಎದೆಯ ನಟ್ಟನಡುವೆ, ಅಂಗೈ ಹರಡಿಕೊಂಡು ಕೂತಿರುತ್ತಿತ್ತು. ಮೊದಲ ವಾರ ನಾನು ಅವರಿಗೆ ಎದೆನೋವು ಇರಬೇಕು ಎಂದುಕೊಂಡಿದ್ದೆ. ವೈದ್ಯಕೀಯ ಎರಡನೇ ವರ್ಷದವರಿಗೆ ಎಲ್ಲರಲ್ಲೂ ರೋಗವೇ ಕಾಣುತ್ತದೆ. 'ಎದೆ ಹಿಡಿದುಕೊಳ್ಳುತ್ತಾರೆ, ಒಂದು ಹೊತ್ತಿನ ಊಟದಲ್ಲಿ ಇಪ್ಪತ್ತಾರು ಸಲ' ಎಂದು ಡೈರಿಯಲ್ಲಿ ಬರೆದದ್ದೂ ಇದೆ.

ಅಲ್ಲಿ ಇದ್ದದ್ದು ಕರಡಿಗೆ. ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಪುಟ್ಟ ಭರಣಿ, ಶಿವದಾರದಲ್ಲಿ ಕೊರಳಿಗೆ ತೂಗುವಂಥದ್ದು. ಬಾಗಿದಾಗ ಅದು ತೂಗಾಡಿ ತಟ್ಟೆಗೋ ಹಂಚಿಗೋ ತಾಗಬಾರದೆಂದು ಕೈ ತಾನಾಗಿ ಹೋಗಿ ಹಿಡಿಯುತ್ತಿತ್ತು. ನರೋಣಾದ ನಮ್ಮ ಮನೆಯಲ್ಲಿ ಅಜ್ಜಿಯೂ ಹಾಗೆಯೇ ಹಿಡಿಯುತ್ತಿದ್ದಳು. ಆದರೂ ನನಗೆ ಏಳು ದಿನ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವಿತ್ತು. ನನ್ನ ಕರಡಿಗೆ ಆಗ ನನ್ನ ಕೊರಳಿನಲ್ಲಿ ಇರಲಿಲ್ಲ.

ನಾನು ಓದುತ್ತಿರುವುದು ಫಿಲಿಪೀನ್ಸ್‌ನಲ್ಲಿ. ನಮ್ಮ ಕಲಬುರಗಿ ಜಿಲ್ಲೆಯಿಂದ ಅಲ್ಲಿಗೆ ಡಾಕ್ಟರಾಗಲು ಹೋದವರು ಆ ವರ್ಷ ನಮ್ಮ ಹಾಸ್ಟೆಲ್ಲಿನಲ್ಲೇ ಹದಿನೇಳು ಮಂದಿ ಇದ್ದೆವು. ಅಫಜಲಪುರದ ಕಡೆಯ ಒಬ್ಬ ಶೇಠರು ಕಾಲೇಜಿನ ಪಕ್ಕದಲ್ಲಿ ಮೆಸ್ ತೆರೆದಿದ್ದರು. ಯಾವುದೋ ಮದುವೆಯಲ್ಲಿ ಗುರುಬಾಯಿ ಅಕ್ಕನ ರೊಟ್ಟಿ ಉಂಡು, ಇವರನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಅಕ್ಕನ ಊರು ಅದೇ ತಾಲ್ಲೂಕಿನ ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಗಂಡ ತೀರಿಕೊಂಡಿದ್ದ. ಮಗಳು ಸುವರ್ಣಾ ಮದುವೆಯಾಗಿ ಜೇವರ್ಗಿಯಲ್ಲಿದ್ದಳು. ಅಕ್ಕನಿಗೆ ಆಗ ನಲವತ್ತೈದು.

"ಹೈದರಾಬಾದಿನಿಂದ ಆಚಿಗಿ ಒಂದೆರಡು ತಾಸು ಅಂದಿದ್ರು ಶೇಠ್ರು" ಎಂದು ಅವರು ನಗುತ್ತಿದ್ದರು. "ಸುಳ್ಳೇನಲ್ಲ ಬಿಡವ್ವ. ಒಂದೆರಡು ತಾಸು ಆದ ಮ್ಯಾಲ ಮತ್ತ ಒಂದೆರಡು ತಾಸು, ಅದಾದ ಮ್ಯಾಲ ಮತ್ತ ಒಂದೆರಡು. ಆ ವಿಮಾನದ ಹುಡುಗಿಗಿ ಕೇಳೇ ಕೇಳ್ದೆ, ಏ ತಂಗಿ, ಇನ್ನ ಎಷ್ಟು ರೊಟ್ಟಿ ಹೊತ್ತು ಅಂತ. ಪಾಪ, ಆಕಿ ಕೇಕ್ ತಂದು ಕೊಟ್ಳು."

ಅವರ ಕಾಲದ ಅಳತೆಯೇ ರೊಟ್ಟಿ. 'ಹತ್ತು ರೊಟ್ಟಿ ಹೊತ್ತು ತಡಿ', 'ಎರಡು ರೊಟ್ಟಿ ಹೊತ್ತಿನಾಗ ಬಂದೆ' ಎನ್ನುವುದು ಅವರ ಮಾತು. ನನಗೆ ಎಲ್ಲದರ ಲೆಕ್ಕ ಇಡುವ ಚಾಳಿ. ಒಂದು ಭಾನುವಾರ ಫೋನಿನ ಗಡಿಯಾರ ಹಿಡಿದು ಅವರ ಒಲೆಯ ಪಕ್ಕ ನಿಂತೆ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಉಬ್ಬಿಸಿ ಇಳಿಸುವವರೆಗೆ ಸರಾಸರಿ ನೂರು ಸೆಕೆಂಡು. ಗಂಟೆಗೆ ಮೂವತ್ತಾರು ರೊಟ್ಟಿ. ಅದನ್ನು ಹೇಳಿದರೆ ಅಕ್ಕ ನನ್ನ ಮುಖ ನೋಡಿ, "ಗಡಿಯಾರಕ್ಕ ಕೈ ಸುಡಂಗಿಲ್ಲಲ್ಲ, ಅದಕ್ಕ ಬರಾಬ್ಬರಿ ಹೇಳ್ತದ" ಅಂದರು.

ಜೋಳದ ಹಿಟ್ಟು ಅಲ್ಲಿ ಸಿಗುವುದಿಲ್ಲ. ರಜೆಗೆ ಊರಿಗೆ ಹೋದವರು ಬರುವಾಗ ಐದೈದು ಕಿಲೋ ತರಲೇಬೇಕೆಂಬುದು ಮೆಸ್ಸಿನ ಕಟ್ಟಳೆ. ಪುಸ್ತಕ ಬಿಟ್ಟು ಬಂದವರುಂಟು, ಹಿಟ್ಟು ಬಿಟ್ಟು ಬಂದವರಿಲ್ಲ. ಅಕ್ಕ ಪ್ರತಿ ಚೀಲದ ಹಿಟ್ಟನ್ನು ಬೆರಳ ನಡುವೆ ತಿಕ್ಕಿ, "ಇದು ಆಳಂದದ್ದು, ಇದಕ್ಕ ಜರಾ ಬಿಸಿನೀರು ಜಾಸ್ತಿ ಬೇಕು", "ಇದು ಜೇವರ್ಗಿದು, ಕರಿ ಹೊಲದ್ದು, ಇದು ತಾನೇ ಕೂಡ್ತದ" ಎನ್ನುತ್ತಿದ್ದರು. ಎರಡು ಸಲ ಪರೀಕ್ಷಿಸಿದೆ. ಎರಡು ಸಲವೂ ಸರಿಯಾಗಿತ್ತು.

ಬೆಳಿಗ್ಗೆ ತಟ್ಟೆಗೆ ರೊಟ್ಟಿ ಬೀಳುವ ಮೊದಲು ಒಂದು ಪ್ರಶ್ನೆ ಬೀಳುತ್ತಿತ್ತು. ಲಿಂಗ ಕಟ್ಟಿಕೊಂಡ ನಮ್ಮಂಥವರಿಗೆ, "ಪೂಜಿ ಆತೇನವ್ವಾ?" ನನ್ನ ರೂಮಿನ ಗೆಳತಿ, ಜೇವರ್ಗಿಯ ನಾಜ್ನೀನಳಿಗೆ, "ನಮಾಜ್ ಆತೇನವ್ವಾ?"

ನಾಜ್ನೀನ್ ಆಕಳಿಸುತ್ತಲೇ, "ಇಲ್ರಿ ಅಕ್ಕಾ, ನಿದ್ದಿ ಹತ್ತಿತ್ತು" ಎನ್ನುವಳು.

"ಅಲ್ಲಾ ನಿನ್ನ ಸಲುವಾಗಿ ಒಂದು ಮಂಚ ಬ್ಯಾರೆ ಹಾಕ್ಸ್ಯಾನೇಳು, ಅಲ್ಲೂ ಮಲ್ಕೊಳ್ಳಲಿಕ್ಕ" ಎಂದು ಬೈದು ಅಕ್ಕ ರೊಟ್ಟಿ ಹಾಕುತ್ತಿದ್ದರು. ಆದರೆ ಅದೇ ನಾಜ್ನೀನ್ ರಂಜಾನಿನ ಉಪವಾಸ, ರೋಜಾ, ಹಿಡಿದ ತಿಂಗಳು, ದಿನವೂ ಎಲ್ಲರಿಗಿಂತ ಮುಂಚೆ ಎದ್ದು ಅವಳೊಬ್ಬಳಿಗಾಗಿ ಬಿಸಿ ರೊಟ್ಟಿ ಬಡಿದು ಕೊಟ್ಟವರೂ ಅವರೇ.

ನನ್ನನ್ನು ಕೇಳಿದಾಗ ನಾನು, "ಆತ್ರಿ" ಎನ್ನುತ್ತಿದ್ದೆ.

ಆಗಿರುತ್ತಿರಲಿಲ್ಲ. ಮೊದಲ ವರ್ಷ, ಹೆಣ ಕೊಯ್ಯುವ ಕೋಣೆಗೆ ಹೋಗುವ ಮೊದಲ ದಿನ, ಕೊರಳಲ್ಲಿ ಏನೂ ಇರಬಾರದು ಎಂದರು. ತೆಗೆದು ಸ್ಟೀಲ್ ಡಬ್ಬಿಯಲ್ಲಿಟ್ಟೆ. ಸಂಜೆ ಮತ್ತೆ ಹಾಕಿಕೊಳ್ಳಬೇಕೆಂದಿದ್ದೆ. ಮರುದಿನ ಮತ್ತೆ ತೆಗೆಯಬೇಕಲ್ಲ ಎನಿಸಿತು. ಡಬ್ಬಿ ಸೂಟ್‌ಕೇಸಿಗೆ ಹೋಯಿತು, ಅದರ ಮೇಲೆ ಅಂಕಪಟ್ಟಿಗಳ ಫೈಲು ಬಂತು. ಮನೆಯವರಿಗೂ ಹೇಳಲಿಲ್ಲ. ಅಕ್ಕನಿಗಂತೂ ಹೇಗೆ ಹೇಳುವುದು? ಮೆಸ್ಸಿಗೆ ಹೋದ ಬೆಳಿಗ್ಗೆಗಳ ಹಾಜರಿ ನನ್ನ ಡೈರಿಯಲ್ಲಿದೆ. ಆಮೇಲೆ ಒಂದು ದಿನ ಕೂತು ಎಣಿಸಿದೆ. ಅಕ್ಕ ಬಂದಾಗಿನಿಂದ ಇನ್ನೂರ ಎಂಬತ್ತಾರು ಸಲ 'ಆತ್ರಿ' ಅಂದಿದ್ದೆ.

ಮೂರನೇ ವರ್ಷದ ಜುಲೈಯಲ್ಲಿ ಮೆಸ್ಸಿಗೆ ಬಣ್ಣ ಹೊಡೆಯಲೆಂದು ಎರಡು ದಿನ ಮುಚ್ಚಿದರು. ಅಕ್ಕ ಅಲ್ಲಿಗೆ ಬಂದು ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಅವರು ನೋಡಿದ್ದು ಮೆಸ್ಸು, ಮಾರುಕಟ್ಟೆ ಮತ್ತು ವಿಮಾನ ನಿಲ್ದಾಣ. ಸಮುದ್ರದ ನಡುವಿನ ದೇಶದಲ್ಲಿ ಇದ್ದುಕೊಂಡು ಸಮುದ್ರ ನೋಡಿರಲಿಲ್ಲ. ಶನಿವಾರ, ಭಾನುವಾರ ಒಂದು ಸಣ್ಣ ದ್ವೀಪಕ್ಕೆ ಹೋಗಿ ಬರೋಣ ಎಂದು ಯೋಜನೆ ಹಾಕಿದವಳು ನಾನು. ಪಟ್ಟಿ ಮಾಡಿದವಳೂ ನಾನೇ: ಟಾರ್ಚು, ಟವೆಲು, ಅಕ್ಕನ ಸಕ್ಕರೆ ಕಾಯಿಲೆಯ ಗುಳಿಗೆ, ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ. ಒಟ್ಟು ಹತ್ತೊಂಬತ್ತು ವಸ್ತು.

ವ್ಯಾನಿನಲ್ಲಿ ಮೂರು ಗಂಟೆ, ದೋಣಿಯಲ್ಲಿ ಐವತ್ತು ನಿಮಿಷ. ದೋಣಿಯವನ ಹೆಸರು ರೊಯ್. ಎರಡೂ ಬದಿಗೆ ಬಿದಿರಿನ ತೋಳು ಚಾಚಿಕೊಂಡ ಆ ದೋಣಿಯಲ್ಲಿ ಅಕ್ಕ ಎಡಗೈಯಿಂದ ಕರಡಿಗೆಯನ್ನೂ ಬಲಗೈಯಿಂದ ನಾಜ್ನೀನಳ ರಟ್ಟೆಯನ್ನೂ ಹಿಡಿದು ಕೂತಿದ್ದರು.

"ಯವ್ವಾ, ಈಕಡಿನೂ ನೀರು, ಆಕಡಿನೂ ನೀರು. ಇದಕ್ಕ ದಂಡಿ ಯಾವುದಬೇ?"

"ದಂಡಿ ಇಲ್ರಿ ಅಕ್ಕಾ. ಇದೇನು ನಿಮ್ಮ ಭೀಮಾ ಹೊಳಿ ಅಂದ್ಕೊಂಡೀರೇನು?" ಅಂದಳು ನಾಜ್ನೀನ್.

"ನಮ್ಮ ಹೊಳಿಗಿ ಏನಂದಿ? ಅದರ ನೀರು ಕುಡೀಲಿಕ್ಕರ ಬರ್ತದ!"

ದ್ವೀಪ ಚಿಕ್ಕದು. ಸುತ್ತಿ ಬರಲು ನಡಿಗೆಯಲ್ಲಿ ಒಂದು ಗಂಟೆ ಹತ್ತು ನಿಮಿಷ. ತೆಂಗಿನ ಮರ, ಐದಾರು ಬಿದಿರಿನ ಗುಡಿಸಲು, ಒಂದು ಚರ್ಚು, ಒಂದು ಬೀಗ ಹಾಕಿದ ಆರೋಗ್ಯ ಕೇಂದ್ರ. ಹಳೆಯ ಜ್ವಾಲಾಮುಖಿಯ ನೆಲವಾದ್ದರಿಂದ ದಂಡೆ ತುಂಬ ನುಣ್ಣನೆಯ ಕರಿ ಕಲ್ಲು. ಅಂದು ಅಕ್ಕ ಮಗುವಿನಂತೆ ಇದ್ದರು. ಅಲೆ ಬಂದು ಕಾಲು ಮುಟ್ಟಿದರೆ, "ಏ, ಹೋಗ್ಲೇ!" ಎಂದು ಗದರಿಸುತ್ತಿದ್ದರು. ಅದು ಹಿಂದೆ ಸರಿದರೆ, "ನೋಡ್ದೇನು, ಮಾತು ಕೇಳ್ತದ" ಎನ್ನುತ್ತಿದ್ದರು. ರಾತ್ರಿ ಎಂಟಕ್ಕೆ ಊಟ ಮುಗಿಸಿ, ಗುಳಿಗೆ ನುಂಗಿ, ಒಂದು ಲೋಟ ನೀರು ಕುಡಿದರು. ಆ ಸಮಯವನ್ನು ನಾನು ಆಗ ಬರೆದಿಡಲಿಲ್ಲ. ಆಮೇಲೆ ನೆನಪು ಮಾಡಿಕೊಂಡು ಬರೆಯಬೇಕಾಯಿತು.

ಮಲಗುವ ಮುನ್ನ ಅಕ್ಕ ಒಂದು ಆಸೆ ಹೇಳಿದರು. ಊರಲ್ಲಿ ಹೊಳೆಗೆ ಹೋದಾಗ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಲಿಂಗಪೂಜೆ ಮಾಡುವುದು ಅವರ ಮನೆಯ ಹೆಂಗಸರ ರೂಢಿ. "ಇಷ್ಟ ದೊಡ್ಡ ನೀರಿನಾಗ ಒಮ್ಮಿ ನಿಂತು ಪೂಜಿ ಮಾಡೇ ಹೋಗ್ತೇನಿ" ಅಂದರು.

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಮೂವರೂ ದಂಡೆಗೆ ಹೋದೆವು. ಅಕ್ಕ ಮಿಂದು, ಮೊಣಕಾಲುದ್ದದ ನೀರಿನಲ್ಲಿ ನಿಂತು, ನನ್ನನ್ನು ಕೂಗಿ ಕೇಳಿದರು: "ಭಾಗ್ಯಾ, ನಮ್ಮ ಊರು ಯಾವ ಕಡಿ ಆತದ?"

ನಾನು ಫೋನಿನಲ್ಲಿ ದಿಕ್ಸೂಚಿ ತೆಗೆದು ನೋಡಿದೆ. ಪಶ್ಚಿಮ, ಸ್ವಲ್ಪ ವಾಯವ್ಯಕ್ಕೆ. ಕೈ ಚಾಚಿ ತೋರಿಸಿದೆ. ಆ ದಂಡೆ ಪೂರ್ವಕ್ಕಿತ್ತು. ಊರಿನ ಕಡೆ ಮುಖ ಮಾಡಿ ನಿಂತರೆ ಬೆನ್ನು ಸಮುದ್ರಕ್ಕಾಗುತ್ತಿತ್ತು.

ಅಕ್ಕ ಸಮುದ್ರಕ್ಕೆ ಬೆನ್ನು ಮಾಡಿ ನಿಂತರು.

ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ನೀರು ಒಂದೇ ಕಡೆಗೆ ಹೋಗುವಂಥದ್ದು. ಹೋದದ್ದು ತಿರುಗಿ ಬರುವುದಿಲ್ಲ, ಹಿಂದಿನಿಂದ ಹೊಡೆಯುವುದಿಲ್ಲ. ನಾನಂತೂ ಮಳೆ ನೆಚ್ಚಿಕೊಂಡ ನರೋಣಾದವಳು, ನನಗೆ ಅಷ್ಟೂ ಗೊತ್ತಿರಲಿಲ್ಲ. ಅಕ್ಕ ಕರಡಿಗೆ ತೆರೆದು, ಕರಿ ಹೊಳಪಿನ ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಕಣ್ಣು ಅರೆಮುಚ್ಚಿದರು. ದೊಡ್ಡ ಅಲೆಯೇನಲ್ಲ, ತೊಡೆಯೆತ್ತರದ್ದು. ಹಿಂದಿನಿಂದ ಬಂದು ಮೊಣಕಾಲಿನ ಸಂದಿಗೆ ಹೊಡೆಯಿತು. ಅಕ್ಕ ಮುಂದಕ್ಕೆ ಬಿದ್ದರು. ಬೀಳುವಾಗ ಎಂಥವರೂ ಅಂಗೈ ತೆರೆದು ನೆಲಕ್ಕೆ ಊರುತ್ತಾರೆ. ಅವರೂ ಊರಿದರು. ಎದ್ದು ನಿಂತಾಗ ಎಡಗೈಯಲ್ಲಿ ಮರಳಿತ್ತು. ಐದು ಗಂಟೆ ಐವತ್ತೆರಡು ನಿಮಿಷ.

ಅವರು ಅಂಗೈಯನ್ನೇ ನೋಡುತ್ತ ನಿಂತರು. ಆಮೇಲೆ ಬಾಗಿ ನೀರಿನಲ್ಲಿ ತಡಕಾಡತೊಡಗಿದರು. ಬಾಗಿದಾಗ ಇನ್ನೊಂದು ಕೈ ಎದೆಗೆ ಹೋಗಿ ಖಾಲಿ ಕರಡಿಗೆಯನ್ನು ಹಿಡಿಯಿತು.

ನಾಜ್ನೀನ್ ಜೇವರ್ಗಿಯ ಕಾಲುವೆಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳು. ಬಟ್ಟೆಯಲ್ಲೇ ನೀರಿಗೆ ಇಳಿದಳು. ರೊಯ್ ಬಂದು ತನ್ನ ಈಜುಗನ್ನಡಕ ಕೊಟ್ಟ, ತಾನೂ ಮುಳುಗಿದ. ಏನು ಹುಡುಕಬೇಕೆಂದು ಅವನಿಗೆ ಹೇಳುವುದೇ ಕಷ್ಟವಾಯಿತು. "ಕರಿ ಕಲ್ಲು, ಇಷ್ಟು ದಪ್ಪ" ಎಂದು ನಾನು ಬೆರಳಲ್ಲಿ ತೋರಿಸಿದೆ. ಅವನು ದಂಡೆಯುದ್ದಕ್ಕೂ ಹರಡಿದ್ದ ಕರಿ ಕಲ್ಲುಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ನಗಲಿಲ್ಲ. ಅದಕ್ಕಾಗಿ ಅವನನ್ನು ಯಾವತ್ತೂ ಮರೆಯಲಾರೆ.

ನಾಜ್ನೀನ್ ಮುಳುಗಿ ಎದ್ದಾಗಲೆಲ್ಲ ಒಂದು ಕಲ್ಲು ತಂದು ಅಕ್ಕನ ಮುಂದೆ ಇಡುತ್ತಿದ್ದಳು. "ಇದೇನ್ರಿ ಅಕ್ಕಾ?"

ಅಕ್ಕ ಪ್ರತಿ ಕಲ್ಲನ್ನೂ ಎಡ ಅಂಗೈಯ ಮೇಲಿಟ್ಟು, ಹೆಬ್ಬೆರಳಿನಿಂದ ನೀರು ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಅಲ್ಲವ್ವ." ಒಂದನ್ನೂ ನೋಡದೆ ಬಿಡಲಿಲ್ಲ. ನಾನು ಡೈರಿಯಲ್ಲಿ ಗೆರೆ ಹಾಕುತ್ತ ಹೋದೆ. ಬೇರೆ ಮಾಡುವುದಕ್ಕೆ ನನಗೆ ಏನೂ ಇರಲಿಲ್ಲ, ಈಜಲು ಬಾರದು.

ಮೂವತ್ತೊಂದನೆಯ ಕಲ್ಲು ತಂದಾಗ ನಾಜ್ನೀನಳ ಮೊಣಕೈ ಹವಳದ ಬಂಡೆಗೆ ತರಚಿ ರಕ್ತ ಬರುತ್ತಿತ್ತು. ಅಕ್ಕ "ಅಲ್ಲವ್ವ" ಎನ್ನುವ ಮೊದಲೇ ಅವಳು ಅಳಲು ಶುರುಮಾಡಿದಳು. "ಇದೇ ಅಂತ ಅನ್ರಲ್ಲಾ ಅಕ್ಕಾ! ಯಾರು ನೋಡಾಕತ್ತಾರ? ಇದೇ ಅಂದುಬಿಡ್ರಿ!"

ಅಕ್ಕ ಅವಳನ್ನು ಎಳೆದು ಕೂರಿಸಿ ಸೆರಗಿನಿಂದ ಮೊಣಕೈ ಒರೆಸಿದರು. "ಹುಚ್ಚಿ. ನಿನ್ನ ಬದ್ಲಿ ಬ್ಯಾರೆ ಹುಡುಗೀನ ತಂದು ನಿಮ್ಮ ಅಮ್ಮನ ಮುಂದ ನಿಂದ್ರಿಸಿ, ಈಕಿನೇ ನಾಜ್ನೀನ್ ಅನ್ರಿ ಅಂದ್ರ ಅಂತಾರೇನು? ನಾ ಎಂಟು ದಿನದ ಕೂಸಿದ್ದಾಗ ನಮ್ಮ ಮನಿ ಗುರುಗಳು, ಅಯ್ಯನವರು, ಕಟ್ಟಿದ್ದದು. ನಲವತ್ತಾರು ವರ್ಷ ಕೈಯಾಗ ಹಿಡಿದೀನಿ. ನನ್ನ ಕೈಗಿ ಗೊತ್ತದ."

ಆಗ ಹನ್ನೊಂದು ಗಂಟೆ. ಬಿಸಿಲು ತಲೆ ಸುಡುತ್ತಿತ್ತು. ನಾನು ನೀರಿನ ಬಾಟಲಿ ಕೊಟ್ಟೆ. ಅಕ್ಕ ಕೈ ಅಡ್ಡ ಮಾಡಿದರು.

"ಲಿಂಗ ನೋಡ್ಲಾರದ ಒಂದು ದಿನನೂ ನೀರು ಮುಟ್ಟಿಲ್ಲವ್ವ. ಇವತ್ತು ಹ್ಯಾಂಗ ಕುಡೀಲಿ?"

"ಅಕ್ಕಾ, ನಿಮಗ ಸಕ್ಕರಿ ಅದ. ಬಿಸಿಲದ. ಕಿಡ್ನಿಗಿ..."

"ಗೊತ್ತದ ಬೇ. ನೀ ಡಾಕ್ಟರಕಿ. ಫಿಕರ್ ಮಾಡಬ್ಯಾಡ. ಮೂರಕ್ಕ ದೋಣಿ ಅದಲ್ಲ? ಇಲ್ಲಿಂದ ಊರಿಗಿ ಫೋನ್ ಹತ್ತಂಗಿಲ್ಲ, ಆಚಿ ದಂಡಿಗಿ ಹೋಗಿ ಹಚ್ಚಿ ಅಯ್ಯನವ್ರಿಗಿ ಕೇಳ್ತೇನಿ. ಅವರು ಕುಡಿ ಅಂದ್ರ ಕುಡೀತೇನಿ."

ಒಂದು ಗಂಟೆಗೆ ಗಾಳಿ ಎದ್ದಿತು. ಕರೆಂಟು ಹೋಯಿತು, ಅದರ ಹಿಂದೆ ಆಗೀಗ ಒಂದು ಗೆರೆ ಕಾಣುತ್ತಿದ್ದ ಫೋನಿನ ಸಿಗ್ನಲ್ಲೂ ಹೋಯಿತು. ಎರಡೂವರೆಗೆ ರೊಯ್ ಬಂದು ಹೇಳಿದ: ಸಮುದ್ರ ಕೆಟ್ಟಿದೆ, ದೋಣಿ ಬಿಡಬಾರದೆಂದು ಕರಾವಳಿ ಕಾವಲಿನವರ ಆಜ್ಞೆ. ನಾಳೆ ಬೆಳಿಗ್ಗೆ ನೋಡೋಣ. ಆರೋಗ್ಯ ಕೇಂದ್ರದ ನರ್ಸು ಶುಕ್ರವಾರವೇ ಆಚೆ ದಂಡೆಗೆ ಹೋದವಳು ಸೋಮವಾರ ಬರುವಳಂತೆ. ನಾನು ಹೋಗಿ ಆ ಬೀಗವನ್ನು ಎರಡು ಸಲ ಎಳೆದು ನೋಡಿದೆ. ಕಿಟಕಿಯ ಗಾಜಿನಾಚೆ ಸಲೈನ್ ಬಾಟಲಿಗಳು ಸಾಲಾಗಿ ಕಾಣುತ್ತಿದ್ದವು. ಹನ್ನೆರಡು ಇದ್ದವು. ರೊಯ್ ಊರಿನ ಮುಖಂಡನನ್ನು ಹುಡುಕಿದ. ಬೀಗದ ಕೈ ನರ್ಸಿನ ಬಳಿಯೇ ಇದೆ ಎಂದು ಉತ್ತರ ಬಂತು.

"ಇನ್ನ ಎಷ್ಟು ರೊಟ್ಟಿ ಹೊತ್ತಾತದ?" ಎಂದು ಅಕ್ಕ ಕೇಳಿದರು. ನಾಳೆ ಹತ್ತೂವರೆಗೆ ದೋಣಿ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. "ಏಳುನೂರಾ ಎರಡು" ಅಂದೆ.

"ಅಬಾಬಾ, ಅಷ್ಟು ಹಿಟ್ಟೆಲ್ಲದ?" ಅಂದರು. ತುಟಿ ಒಣಗಿದ್ದವು, ಆದರೂ ನಕ್ಕರು.

ನಾನು ಗಂಟೆಗೊಮ್ಮೆ ನಾಡಿ ಎಣಿಸಿ ಬರೆದೆ. ತೊಂಬತ್ತಾರು. ನೂರಾ ಎರಡು. ನೂರಾ ಎಂಟು. ಯಾವ ಹಂತದಲ್ಲಿ ದೇಹದೊಳಗೆ ಏನಾಗುತ್ತದೆ ಎಂಬುದು ನನಗೆ ಬಾಯಿಪಾಠವಿತ್ತು. ಹಿಂದಿನ ತಿಂಗಳ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಬಂದಿತ್ತು.

ನಾಜ್ನೀನ್ ಪಕ್ಕದಲ್ಲಿ ಕೂತು ಇನ್ನೊಂದು ದಾರಿ ಹಿಡಿದಳು. "ಅಕ್ಕಾ, ನಾವೂ ರೋಜಾ ಇರ್ತೇವಿ. ಖರೇ, ನೀರೂ ಕುಡ್ಯಂಗಿಲ್ಲ. ಆದ್ರ ನಮ್ದು ಸಂಜಿಗಿ ಮುಗೀತದ್ರಿ. ನಿಮ್ದು ಯಾವಾಗ ಮುಗೀತದ?"

ಅಕ್ಕ ಅವಳ ತಲೆ ಸವರಿದರು.

ಸಂಜೆ ಐದರ ಸುಮಾರಿಗೆ ನಾಜ್ನೀನ್ ರೊಯ್ ಜೊತೆ ಎಳನೀರು ಹುಡುಕಲು ಹೋಗಿದ್ದಳು. ಗುಡಿಸಲಿನಲ್ಲಿ ನಾವಿಬ್ಬರೇ. ಅಕ್ಕ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಭಾಗ್ಯಾ."

"ಏನ್ರಿ ಅಕ್ಕಾ?"

"ನಂದು ಹೋತು. ನಿಂದದ ಅಲ್ಲ? ನಿಂದು ಒಮ್ಮಿ ತೆಗೆದು ಕೈಯಾಗ ಹಿಡಿದು ತೋರ್ಸು. ನೋಡಿ ಕೈ ಮುಗಿದು ಒಂದು ಗುಟುಕು ಕುಡೀತೇನಿ. ಅಷ್ಟು ಮಾಡಿದ್ರ ಅಯ್ಯನವರು ಬೈಯಂಗಿಲ್ಲ. ನನಗೇನು ಜೀವ ಬ್ಯಾಡಾಗಿಲ್ಲವ್ವ."

ನನ್ನ ಕೈ ಕೊರಳಿಗೆ ಹೋಯಿತು. ಅಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಹತ್ತೊಂಬತ್ತು ವಸ್ತುಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಅದು ಸಮುದ್ರದಾಚೆ, ಹಾಸ್ಟೆಲ್ಲಿನ ಮಂಚದ ಕೆಳಗೆ, ಅಂಕಪಟ್ಟಿಗಳ ಅಡಿಯಲ್ಲಿತ್ತು.

"ರೂಮಿನಾಗ ಬಿಟ್ಟು ಬಂದೇನ್ರಿ" ಅಂದೆ. ಆಗಲೂ ಪೂರ್ತಿ ನಿಜ ಹೇಳಲಿಲ್ಲ. ನಿನ್ನೆ ಮರೆತು ಬಂದಂತೆ ಹೇಳಿದೆ.

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದರು. ಬೈಯಲಿಲ್ಲ. "ಇರ್ಲಿ ಬಿಡವ್ವ" ಎಂದು ಮತ್ತೆ ಮುಚ್ಚಿದರು. ನಾಜ್ನೀನ್ ತಂದ ನಾಲ್ಕು ಎಳನೀರು ಹಾಗೆಯೇ ಉಳಿದವು.

ಸೋಮವಾರ ಬೆಳಿಗ್ಗೆ ಅವರ ನಾಡಿ ನೂರಾ ಇಪ್ಪತ್ತೆರಡು ಇತ್ತು. ಮಾತು ತೊದಲುತ್ತಿತ್ತು. ಸಮುದ್ರ ಏನೂ ಆಗಿಯೇ ಇಲ್ಲವೆಂಬಂತೆ ಮಲಗಿತ್ತು. ಹತ್ತೂವರೆಗೆ ರೊಯ್ ಅಕ್ಕನನ್ನು ಎತ್ತಿಕೊಂಡು ದೋಣಿಗೆ ತಂದ. ಎತ್ತುವಾಗಲೂ ಅವರ ಎಡಗೈ ಎದೆಯ ಮೇಲೆ ಖಾಲಿ ಕರಡಿಗೆಯನ್ನು ಮುಚ್ಚಿಕೊಂಡಿತ್ತು. ಹನ್ನೆರಡು ಗಂಟೆಗೆ ಆಚೆ ದಂಡೆಯ ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ಶನಿವಾರ ರಾತ್ರಿಯ ಆ ಒಂದು ಲೋಟದಿಂದ ಅಲ್ಲಿಯವರೆಗೆ ನಲವತ್ತು ಗಂಟೆ.

ಸೂಜಿಗೆ ಅವರು ಅಡ್ಡಿ ಮಾಡಲಿಲ್ಲ. ಸಂಜೆ ಸ್ವಲ್ಪ ಎಚ್ಚರವಾದಾಗ, "ಸೂಜಿಲೆ ಹೋಗಿದ್ದು ಬಾಯಿಲೆ ಹೋಗಿದ್ದಲ್ಲ ಹೌದಿಲ್ಲೋ?" ಎಂದು ನಾಜ್ನೀನಳನ್ನು ಕೇಳಿದರು. "ಅಲ್ಲೇ ಅಲ್ರಿ" ಎಂದು ಅವಳು ಆಣೆ ಮಾಡಿದಳು. ಮರುದಿನ ಊರಿಗೆ ಫೋನು ಹಚ್ಚಿದೆವು. ಅವರ ಅಯ್ಯನವರು ತೀರ ಮುದುಕರು, ಹಾಸಿಗೆಯಲ್ಲೇ ಮಲಗಿ ಮಾತಾಡಿದರು. "ಏ ಗುರುಬಾಯಿ, ಮೊದಲು ನೀರು ಕುಡಿ. ಹಾಲು, ಹಣ್ಣು ತಗೋ. ಊರಿಗಿ ಬಾ, ನಾ ಇನ್ನೊಂದು ಕಟ್ಟತೇನಿ. ನೀ ಸತ್ತು ಬಂದ್ರ ಯಾರ ಕೊರಳಿಗಿ ಕಟ್ಟಲಿ?"

ಅಕ್ಕ ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಡಿದರು. ಇದೇ ಮಾತು ಭಾನುವಾರ ಮಧ್ಯಾಹ್ನ ಸಿಗಬೇಕಿತ್ತು ಎಂದು ನಾನು ಯೋಚಿಸುತ್ತಿದ್ದೆ.

ಆಸ್ಪತ್ರೆಯಿಂದ ಬಿಟ್ಟ ಒಂಬತ್ತು ದಿನದ ನಂತರ ಅವರು ಊರಿಗೆ ಹೊರಟರು. ಆ ಒಂಬತ್ತು ದಿನ ಮೆಸ್ಸಿನಲ್ಲಿ ಒಂದು ಮೂಲೆಯಲ್ಲಿ ಕೂತು, ಬೇರೆಯವರು ಬೇಯಿಸುವುದನ್ನು ನೋಡುತ್ತಿದ್ದರು. ಯಾರಿಗೂ, ಒಂದು ದಿನವೂ, "ಪೂಜಿ ಆತೇನವ್ವಾ" ಎಂದು ಕೇಳಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ದಿನವೇ ಸೂಟ್‌ಕೇಸು ತೆರೆದು, ಡಬ್ಬಿಯಿಂದ ತೆಗೆದು ಕೊರಳಿಗೆ ಹಾಕಿಕೊಂಡಿದ್ದೆ. ಅದನ್ನು ಅಂಗಿಯ ಒಳಗೆ ಮುಚ್ಚಿಕೊಂಡೇ ಅವರನ್ನು ಬೀಳ್ಕೊಟ್ಟೆ.

ಅವರು ತಿರುಗಿ ಬರಲಿಲ್ಲ. ಕಿಡ್ನಿ ಕೆಟ್ಟಿತ್ತು. ಆ ನಲವತ್ತು ಗಂಟೆಯೇ ಕಾರಣ ಎಂದು ಯಾವ ಡಾಕ್ಟರೂ ಹೇಳಿಲ್ಲ. ಸಕ್ಕರೆ ಮೊದಲೇ ಅರ್ಧ ಹಾಳುಮಾಡಿತ್ತು ಎನ್ನುತ್ತಾರೆ. ನಾನೂ ಓದಿದ್ದೇನೆ, ಅದು ಸರಿ. ಆಸ್ಪತ್ರೆಯ ಎರಡು ರಿಪೋರ್ಟುಗಳ ಅಂಕಿಗಳೂ ನನ್ನ ಡೈರಿಯಲ್ಲಿವೆ. ಅವನ್ನು ಎಷ್ಟು ಸಲ ಕೂಡಿ ಕಳೆದರೂ ನನ್ನ ಪಾಲು ಎಷ್ಟು ಎಂಬುದು ಬರುವುದಿಲ್ಲ.

ಹದಿನಾಲ್ಕು ತಿಂಗಳ ನಂತರ ರಜೆಗೆ ಬಂದಾಗ ಜೇವರ್ಗಿಗೆ ಹೋದೆ. ಅಕ್ಕ ಮಗಳ ಮನೆಯಲ್ಲಿದ್ದರು. ಅದೇ ನಮ್ಮ ಕೊನೆಯ ಭೇಟಿ. ನರೋಣಾದಿಂದ ಕಲಬುರಗಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಾಜ್ನೀನ್ ಬಸ್‌ನಿಲ್ದಾಣಕ್ಕೆ ಸ್ಕೂಟಿ ತಂದಿದ್ದಳು.

ಹೆದ್ದಾರಿಯ ಪಕ್ಕದ ಎರಡು ಕೋಣೆಯ ಮನೆ. ಲಾರಿ ಹೋದಾಗಲೆಲ್ಲ ಕಪಾಟಿನ ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅಕ್ಕ ಮಂಚದ ಮೇಲೆ ಕೂತಿದ್ದರು. ಅರ್ಧ ಆಗಿದ್ದರು. ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ರಕ್ತ ಸೋಸಿಕೊಂಡು ಬರಬೇಕು. ಅದಕ್ಕಾಗಿ ಎಡಗೈಯ ಮಣಿಕಟ್ಟಿನಲ್ಲಿ ರಕ್ತನಾಳ ಜೋಡಿಸಿದ್ದರು, ಅಲ್ಲಿ ಬಿಳಿ ಪಟ್ಟಿ ಇತ್ತು. ಕೊರಳಲ್ಲಿ ಅದೇ ಹಳೆಯ ಕರಡಿಗೆ.

ನಾಜ್ನೀನ್ ಹೊಸ್ತಿಲಲ್ಲೇ ಕೈಯೆತ್ತಿದಳು. "ಅಕ್ಕಾ, ನಮಾಜ್ ಆಗಿಲ್ಲ. ನೀವು ಕೇಳೂಕಿಂತ ಮೊದಲೇ ಹೇಳ್ತೇನಿ."

"ಬಾರಬೇ ಕಳ್ಳಿ" ಅಂದರು ಅಕ್ಕ. ದನಿ ಅದೇ ಇತ್ತು. "ಒಳಗ ಹೊಸಾದದ" ಎಂದು ಕರಡಿಗೆಯನ್ನು ನನಗೆ ತೋರಿಸಿದರು. "ನಮ್ಮ ಅಯ್ಯನವರು ಕಟ್ಟಿ ಹತ್ತು ದಿನಕ್ಕ ಹೋದ್ರು. ಛಲೋದದ. ಖರೇ ಕೈಗಿ ಇನ್ನ ರೂಢಿ ಆಗಿಲ್ಲ."

ಮಂಚದ ಪಕ್ಕದ ಗೋಡೆಯ ಮೇಲೆ ಬಳಪದಿಂದ ಎಳೆದ ಗೆರೆಗಳಿದ್ದವು. ಇವತ್ತಿನವು ನಾಲ್ಕು. ದಿನಕ್ಕೆ ಐದು ಸಣ್ಣ ಲೋಟ ನೀರು, ಅದಕ್ಕಿಂತ ಹೆಚ್ಚು ಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಮಗಳು ಸುವರ್ಣಾ ಕೊಟ್ಟ ಲೋಟಕ್ಕೊಂದು ಗೆರೆ ಎಳೆಯುತ್ತಾಳೆ. ನಾನು ಗೋಡೆ ನೋಡುವುದನ್ನು ಕಂಡು ಅಕ್ಕ, "ಆಗ ನಾ ಒಲ್ಲೆ ಅಂದೆ, ಈಗ ಡಾಕ್ಟರ್ ಒಲ್ಲೆ ಅಂತಾನ" ಎಂದರು. "ನ್ಯಾಯದವ್ವ."

ಸುವರ್ಣಾ ನಮಗೆ ನೀರು ತಂದಳು. ತುಂಬಿದ ಎರಡು ದೊಡ್ಡ ತಂಬಿಗೆ. ಅವರೆದುರು ಕುಡಿಯಲು ಆಗಲಿಲ್ಲ. ಆಗ ಅಕ್ಕ ಹಳೆಯ ಗತ್ತಿನಲ್ಲಿ ಕೇಳಿದರು:

"ಭಾಗ್ಯಾ, ಪೂಜಿ ಆತೇನವ್ವಾ?"

"ಇಲ್ರಿ ಅಕ್ಕಾ" ಅಂದೆ. "ಆಗಿಲ್ಲ. ಅಲ್ಲಿದ್ದಾಗೂ ಒಂದು ದಿನನೂ ಮಾಡಿದ್ದಿಲ್ಲ. ಕೊರಳಾಗ ಇದ್ದಿದ್ದೇ ಇಲ್ಲ. ದಿನಾ ಸುಳ್ಳು ಹೇಳಿದ್ದೆ."

"ಗೊತ್ತದ ಬಿಡು."

"ಹ್ಯಾಂಗ?"

"ತಾಟಿಗಿ ಬಗ್ಗಿ ಉಣ್ಣಾಗ ನಿನ್ನ ಕೈ ಎದಿಗಿ ಹೋಗ್ತಿದ್ದಿಲ್ಲಲ್ಲ. ಮೊದಲ್ನೇ ದಿನನೇ ನೋಡೀನಿ."

ಹೊರಗೆ ಒಂದು ಲಾರಿ ಹೋಯಿತು. ಪಾತ್ರೆಗಳ ಸದ್ದು ನಿಲ್ಲುವವರೆಗೆ ನಾನು ಕಾದೆ. "ಗೊತ್ತಿತ್ತಂದ್ರ, ಅವತ್ತು ನಿಂದು ತೋರ್ಸು ಅಂತ ಯಾಕ ಕೇಳಿದ್ರಿ ಅಕ್ಕಾ?"

ಅವರು ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವಂತೆ ನೋಡಿದರು.

"ನೀರಡಿಕಿ ಆಗಿತ್ತಲ್ಲವ್ವ" ಅಂದರು.

ನಾಜ್ನೀನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಅಂಗಿಯ ಒಳಗಿನಿಂದ ಕರಡಿಗೆ ಹೊರತೆಗೆದೆ. ಹದಿನಾಲ್ಕು ತಿಂಗಳಿಂದ ಹಾಕಿಕೊಂಡಿದ್ದೆ, ತೆರೆದಿರಲಿಲ್ಲ. ಮುಚ್ಚಳ ಬಿಗಿಯಾಗಿತ್ತು, ಉಗುರಿನಿಂದ ಎತ್ತಬೇಕಾಯಿತು. ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಅವರ ಮುಂದೆ ಹಿಡಿದೆ. ಅಕ್ಕ ತಮ್ಮ ಪಟ್ಟಿ ಕಟ್ಟಿದ ಕೈಯನ್ನು ನನ್ನ ಕೈಯ ಅಡಿಗಿಟ್ಟು ಹತ್ತಿರಕ್ಕೆ ಎಳೆದುಕೊಂಡರು. ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡರು. ನಾನು ಲಿಂಗವನ್ನು ತಿರುಗಿ ಕರಡಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ.

"ಸುವರ್ಣಾ, ನೀರು ತಾ."

"ಅವ್ವಾ, ಇದು ಕಡೀದು ನೋಡು. ಇನ್ನ ಮುಂಜಾನಿತನಾ ಇಲ್ಲ."

"ತಾ ಅಂದೆ ಬೇ."

ಸುವರ್ಣಾ ಸಣ್ಣ ಲೋಟದಲ್ಲಿ ತಂದು ಕೊಟ್ಟಳು. ಅಕ್ಕ ಆತುರ ಮಾಡಲಿಲ್ಲ. ಒಂದೊಂದೇ ಗುಟುಕಾಗಿ, ಪ್ರತಿ ಗುಟುಕನ್ನೂ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕುಡಿದರು. ಏಳು ಗುಟುಕು. ಲೋಟವನ್ನು ಬೋರಲು ಹಾಕಿ, ಗೋಡೆಯ ಕೆಳಗಿದ್ದ ಬಳಪವನ್ನು ನನ್ನ ಕಡೆ ಸರಿಸಿದರು.

"ಲೆಕ್ಕದಾಕಿ ನೀನೇ ಅಲ್ಲೇನು? ಹಾಕು."

ನಾನು ಮಂಚದ ಮೇಲೆ ಬಾಗಿ, ಎಡಗೈಯಿಂದ ಎದೆ ಹಿಡಿದುಕೊಂಡು, ಆ ನಾಲ್ಕು ಗೆರೆಗಳ ಮೇಲೆ ಅಡ್ಡಲಾಗಿ ಐದನೆಯದನ್ನು ಎಳೆದೆ.